ನೋಟಿನ ಮೇಲಿನ ವಚನ: ಕೇಂದ್ರ ಬ್ಯಾಂಕನ್ನು ನಾವು ನಂಬುವುದು ಹೇಗೆ?



ನಿಮ್ಮಲ್ಲಿ ಯಾರ ಬಳಿಯಾದರೂ ಐವತ್ತು ರೂಪಾಯಿಯ ಒಂದು ನೋಟು ಇದ್ದರೆ ಅದನ್ನು ಕೈಗೆ ತೆಗೆದುಕೊಳ್ಳಿ. 2017ರಲ್ಲಿ ಚಲಾವಣೆಗೆ ಬಂದ ನೀಲಿ ಬಣ್ಣದ ನೋಟಾದರೆ ಅದರ ಹಿಂಬದಿಯಲ್ಲಿ ನಮ್ಮ ಹಂಪಿಯ ಕಲ್ಲಿನ ರಥದ ಚಿತ್ರವಿರುತ್ತದೆ. ಅದೇ ಬದಿಯಲ್ಲಿ ಹದಿನೈದು ಭಾಷೆಗಳಲ್ಲಿ ನೋಟಿನ ಬೆಲೆಯನ್ನು ಬರೆದ ಒಂದು ಪಟ್ಟಿ ಇದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ಇನ್ನು ನೋಟನ್ನು ಮಗುಚಿ ಮುಂಬದಿಯನ್ನು ನೋಡಿ. ಅಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಅವರ ಸಹಿ ಇದೆ. ಸಹಿಯ ಮೇಲೆ ಒಂದು ವಚನವಿದೆ: ಈ ನೋಟನ್ನು ತಂದವರಿಗೆ ಐವತ್ತು ರೂಪಾಯಿಯನ್ನು ಕೊಡುತ್ತೇನೆ ಎಂಬ ವಚನ.

ಈಗ ಒಂದು ಪ್ರಶ್ನೆ. ನೀವು ಈ ನೋಟನ್ನು ಹಿಡಿದುಕೊಂಡು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ಕಚೇರಿಗೆ ಹೋಗಿ, "ಸ್ವಾಮಿ, ವಚನದಂತೆ ಐವತ್ತು ರೂಪಾಯಿ ಕೊಡಿ" ಎಂದು ಕೇಳಿದರೆ ನಿಮಗೆ ಏನು ಸಿಗುತ್ತದೆ? ಚಿನ್ನ ಸಿಗುವುದಿಲ್ಲ, ಬೆಳ್ಳಿಯೂ ಸಿಗುವುದಿಲ್ಲ. ಇನ್ನೊಂದು ಐವತ್ತರ ನೋಟು, ಅಥವಾ ಹತ್ತರ ಐದು ನೋಟು, ಇಲ್ಲವೇ ಅಷ್ಟೇ ಬೆಲೆಯ ನಾಣ್ಯಗಳು ಸಿಗುತ್ತವೆ. ಅಂದರೆ ವಚನದ ಬದಲಿಗೆ ಇನ್ನೊಂದು ವಚನ! ಹೀಗಿದ್ದರೂ ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿ ದುಡಿದ ಕೂಲಿಕಾರ ಈ ಕಾಗದವನ್ನು ಮರುಮಾತಿಲ್ಲದೆ ತೆಗೆದುಕೊಳ್ಳುತ್ತಾನೆ. ವರ್ಷವಿಡೀ ಬೆಳೆದ ಮೆಣಸಿನಕಾಯಿಯನ್ನು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮಾರಿದ ರೈತ ಇದನ್ನು ಎಣಿಸಿ ಕಿಸೆಯಲ್ಲಿಟ್ಟುಕೊಳ್ಳುತ್ತಾನೆ. ಇವರಿಬ್ಬರೂ ಗವರ್ನರ್ ಅವರನ್ನು ಕಂಡವರಲ್ಲ. ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಅದು ಹೇಗೆ ಬೆಳೆಯುತ್ತದೆ, ಯಾವಾಗ ಅಲುಗಾಡುತ್ತದೆ? ಇಂದಿನ ಮಾತುಕತೆಯಲ್ಲಿ ಇದನ್ನು ಸ್ವಲ್ಪ ವಿಚಾರ ಮಾಡೋಣ.

ಇದಕ್ಕಾಗಿ ನಾವು ಮೊದಲು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೋಗಬೇಕು. ಬ್ಯಾಂಕಿನ ವಿಷಯಕ್ಕೂ ಬಂಕಾಪುರಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ನಂಬಿಕೆಯ ದಂಡನಾಯಕನಾಗಿದ್ದ ಬಂಕೇಯನಿಂದ ಈ ಊರಿಗೆ ಹೆಸರು ಬಂದಿದೆ. ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿ ಇರುವ ರಸ್ತೆಗೂ ಅದೇ ನೃಪತುಂಗನ ಹೆಸರು. ಇದು ಕೇವಲ ಆಕಸ್ಮಿಕ. ಆದರೆ ಬಂಕಾಪುರದ ಕೋಟೆಯೊಳಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವಿದೆ.

ಕೋಟೆಯೊಳಗಿನ ಅರವತ್ತು ಕಂಬದ ಗುಡಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ಹೆಸರು ನಗರೇಶ್ವರ ದೇವಾಲಯ. ಹಳೆಯ ಶಾಸನಗಳಲ್ಲಿ 'ನಗರ' ಅಥವಾ 'ನಕರ' ಎಂಬ ಮಾತು ವರ್ತಕರ ಸಂಘಕ್ಕೂ ಬಳಕೆಯಾಗಿದೆ. ಇದೇ ಕೋಟೆಯ 1055ನೆಯ ಇಸವಿಯ ಒಂದು ಶಾಸನದಲ್ಲಿ, ಕದಂಬ ಮನೆತನದ ಹರಿಕೇಸರಿದೇವನೊಂದಿಗೆ ದಾನ ಕೊಟ್ಟವರ ಸಾಲಿನಲ್ಲಿ ನಗರಮಹಾಜನರೂ ಸೇರಿದ್ದಾರೆ. ಅಂದರೆ ಸಾವಿರ ವರ್ಷಗಳ ಹಿಂದೆಯೇ ಈ ಊರಿನಲ್ಲಿ ಸಂಘಟಿತರಾದ ವರ್ತಕರಿದ್ದರು. ಅವರ ಮಾತಿಗೆ ರಾಜಮನೆತನದವರ ಪಕ್ಕದಲ್ಲಿ ಕಲ್ಲಿನ ಮೇಲೆ ಜಾಗ ಸಿಗುವಷ್ಟು ಬೆಲೆ ಇತ್ತು.

ಆ ಕಾಲದಲ್ಲಿ ಹಣವೆಂದರೆ ಗದ್ಯಾಣ, ಪಣ, ಹಾಗ, ವೀಸ. ನಾವು ಈಗ ಬಳಸುವ 'ಹಣ' ಎಂಬ ಶಬ್ದವೇ 'ಪಣ'ದಿಂದ ಬಂದದ್ದು. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಅಂದಿನ ಲೊಕ್ಕಿಗುಂಡಿಯಲ್ಲಿ, ಒಂದು ಟಂಕಸಾಲೆ ಇತ್ತು. ಅಲ್ಲಿಯ ನಾಣ್ಯಕ್ಕೆ ಲೊಕ್ಕಿಗದ್ಯಾಣವೆಂದೇ ಹೆಸರು. ದಾನ ಕೊಡುವವರು ಬರೀ ಇಷ್ಟು ಗದ್ಯಾಣವೆಂದು ಬರೆಸದೆ ಇಷ್ಟು ಲೊಕ್ಕಿಗದ್ಯಾಣವೆಂದು ಬರೆಸಿದ ಶಾಸನಗಳಿವೆ. ಏಕೆ? ಎಲ್ಲ ಗದ್ಯಾಣಗಳ ತೂಕವೂ ಬಂಗಾರದ ಶುದ್ಧಿಯೂ ಒಂದೇ ಸಮನಾಗಿರಲಿಲ್ಲ. ಯಾವ ಟಂಕಸಾಲೆಯ ನಾಣ್ಯವೆಂಬುದರ ಮೇಲೆ ಜನರ ವಿಶ್ವಾಸ ನಿಂತಿತ್ತು. ಹೊಯ್ಸಳ ವಿಷ್ಣುವರ್ಧನ ತನ್ನ ಆಳ್ವಿಕೆಯ ಕೊನೆಗಾಲದಲ್ಲಿ ಬಂಕಾಪುರವನ್ನು ತನ್ನ ನೆಲೆವೀಡಾಗಿ ಮಾಡಿಕೊಂಡಿದ್ದ. ಅವನ ಚಿನ್ನದ ನಾಣ್ಯಗಳ ಮೇಲೆ ತಳಕಾಡುಗೊಂಡ, ನೊಳಂಬವಾಡಿಗೊಂಡ ಎಂಬ ಬಿರುದುಗಳು ಕನ್ನಡದ ಅಕ್ಷರಗಳಲ್ಲಿವೆ. ಆದರೆ ಎಷ್ಟೇ ದೊಡ್ಡ ಬಿರುದಿದ್ದರೂ ಚಿನಿವಾರ ಆ ನಾಣ್ಯವನ್ನು ತೂಗಿ ನೋಡಬಹುದಾಗಿತ್ತು, ಒರೆಗಲ್ಲಿಗೆ ತಿಕ್ಕಿ ಬಣ್ಣ ನೋಡಬಹುದಾಗಿತ್ತು. ರಾಜನನ್ನು ನಂಬದಿದ್ದರೂ ಬಂಗಾರವನ್ನು ನಂಬಬಹುದಾಗಿತ್ತು.

ನಂಬಿಕೆಯ ಇನ್ನೊಂದು ಬಗೆಯೂ ಆಗ ಇತ್ತು. ಒಬ್ಬ ಭಕ್ತ ದೇವಾಲಯಕ್ಕೆ ಕೆಲವು ಗದ್ಯಾಣಗಳನ್ನು ಕೊಡುತ್ತಿದ್ದ. ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ನಂದಾದೀವಿಗೆ ಉರಿಯಬೇಕೆಂಬುದು ಕರಾರು. ಈ ಕರಾರನ್ನು ಯಾರು ನಡೆಸಬೇಕು, ಬಡ್ಡಿ ಎಷ್ಟು, ಸಾಕ್ಷಿ ಯಾರು ಎಂಬುದನ್ನೆಲ್ಲ ಕಲ್ಲಿನ ಮೇಲೆ ಬರೆಸಿ ಎಲ್ಲರೂ ನೋಡುವ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಕೊನೆಯಲ್ಲಿ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರಲಿ ಎಂಬ ಶಾಪವೂ ಇರುತ್ತಿತ್ತು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿ: ನಿಯಮ ಸ್ಪಷ್ಟವಾಗಿದೆ, ಅದು ಎಲ್ಲರ ಕಣ್ಣೆದುರು ಇದೆ, ಮುರಿದವನಿಗೆ ದಂಡವಿದೆ. ಈ ಮೂರನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತವೆ.

ನಾಣ್ಯದಲ್ಲಿ ಬಂಗಾರವೇ ಇಲ್ಲದಿದ್ದರೆ ಏನಾಗುತ್ತದೆ? ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ 14ನೆಯ ಶತಮಾನದಲ್ಲಿ ಈ ಪ್ರಯೋಗವನ್ನು ಮಾಡಿ ನೋಡಿದ. ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿ ಅವನ್ನು ಬೆಳ್ಳಿಯ ಟಂಕದ ಬೆಲೆಗೆ ಸ್ವೀಕರಿಸಬೇಕೆಂದು ಆಜ್ಞೆ ಮಾಡಿದ. ಆಲೋಚನೆ ಹುಚ್ಚುತನದ್ದೇನಲ್ಲ, ಇಂದು ನಮ್ಮ ಕಿಸೆಯಲ್ಲಿರುವುದೂ ಅಂಥದೇ ಹಣ. ಆದರೆ ಆ ನಾಣ್ಯವನ್ನು ಯಾರು ಬೇಕಾದರೂ ಮನೆಯಲ್ಲಿ ಎರಕ ಹೊಯ್ಯಬಹುದಾಗಿತ್ತು. ಖೋಟಾ ನಾಣ್ಯಗಳು ರಾಶಿ ಬಿದ್ದವು. ಕೊನೆಗೆ ಸುಲ್ತಾನನೇ ತಾಮ್ರವನ್ನು ತೆಗೆದುಕೊಂಡು ಖಜಾನೆಯಿಂದ ಬೆಳ್ಳಿ ಬಂಗಾರವನ್ನು ಕೊಡಬೇಕಾಯಿತು. ಆಜ್ಞೆಯಿಂದ ನಾಣ್ಯವನ್ನು ಹೊರಡಿಸಬಹುದು, ನಂಬಿಕೆಯನ್ನು ಹುಟ್ಟಿಸಲಾಗದು ಎಂಬುದು ಇದರಿಂದ ತಿಳಿಯುತ್ತದೆ. ಬೆಲೆಯಿಲ್ಲದ ವಸ್ತು ಹಣವಾಗಬೇಕಾದರೆ ಎರಡು ಅಗತ್ಯಗಳಿವೆ. ಒಂದು, ಅದನ್ನು ಬೇರೆಯವರು ನಕಲು ಮಾಡಲಾಗಬಾರದು. ಎರಡು, ಅದನ್ನು ಹೊರಡಿಸುವವರೇ ಮಿತಿ ಮೀರಿ ಹೊರಡಿಸಬಾರದು.

ಮೊದಲನೆಯದು ತಂತ್ರಜ್ಞಾನದ ಪ್ರಶ್ನೆ. ನಮ್ಮ ನೋಟಿನ ಕಾಗದ ಹತ್ತಿಯ ನಾರಿನಿಂದ ಆದದ್ದು. ಅದರಲ್ಲಿ ನೀರುಗುರುತು ಇದೆ, ಭದ್ರತಾ ಎಳೆ ಇದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯೊಂದು 1995ರಲ್ಲಿ ಸ್ಥಾಪನೆಯಾಗಿ, ಅದರ ಎರಡು ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ನಿಮ್ಮ ಕೈಯಲ್ಲಿರುವ ನೋಟು ಅಲ್ಲಿಯೇ ಅಚ್ಚಾಗಿದ್ದರೂ ಆಶ್ಚರ್ಯವಿಲ್ಲ.

ಎರಡನೆಯದು ಮಾತ್ರ ಯಂತ್ರದಿಂದ ಆಗುವ ಕೆಲಸವಲ್ಲ. ಅದಕ್ಕೆ ಸಂಸ್ಥೆ ಬೇಕು. ಭಾರತದಲ್ಲಿ 1861ರ ಕಾಗದದ ಹಣದ ಕಾಯಿದೆಯ ಮೂಲಕ ನೋಟು ಹೊರಡಿಸುವ ಅಧಿಕಾರವನ್ನು ಸರ್ಕಾರ ತಾನೇ ಇಟ್ಟುಕೊಂಡಿತು. 1934ರ ಕಾಯಿದೆಯಂತೆ 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಆರಂಭವಾಯಿತು. ಅದು ತನ್ನ ಮೊದಲ ನೋಟನ್ನು ಹೊರಡಿಸಿದ್ದು 1938ರಲ್ಲಿ. 1949ರ ಜನವರಿ 1ರಂದು ಬ್ಯಾಂಕು ರಾಷ್ಟ್ರೀಕರಣವಾಯಿತು. ಇಂಥ ಸಂಸ್ಥೆಗೆ ಕೇಂದ್ರ ಬ್ಯಾಂಕ್ ಎಂದು ಹೆಸರು. ನಾನೂ ನೀವೂ ಅಲ್ಲಿ ಖಾತೆ ತೆರೆಯುವಂತಿಲ್ಲ. ಅದು ಬ್ಯಾಂಕುಗಳ ಬ್ಯಾಂಕು, ಸರ್ಕಾರದ ಬ್ಯಾಂಕು.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಹಳ್ಳಿಯ ಲೇವಾದೇವಿಯಲ್ಲಿ ನಂಬಿಕೆ ಮುಖಪರಿಚಯದಿಂದ ಬರುತ್ತದೆ. ಹಳೆಯ ಧಾರವಾಡ ಜಿಲ್ಲೆಯ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದಾಗ, ಆ ಕಾಲದ ಗ್ರಾಮ ಸಂಘಗಳ ಪದ್ಧತಿಯಂತೆ, ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆಯಾಗಿದ್ದರು. ಪಕ್ಕದ ಮನೆಯವನ ಹೊಲ ಎಷ್ಟು, ಅವನ ನಡತೆ ಹೇಗೆ ಎಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಇದು ಸಾಧ್ಯವಾಯಿತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಪಡೆಯಲು ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಬರುತ್ತಿದ್ದ. ದಿನವೂ ಬರುವ ಆ ಮುಖವೇ ಜನರ ಪಾಲಿಗೆ ಬ್ಯಾಂಕು. ಆದರೆ ಕೇಂದ್ರ ಬ್ಯಾಂಕಿಗೆ ನಮ್ಮ ಬಾಗಿಲಿಗೆ ಬರುವ ಮುಖವಿಲ್ಲ. ಹಾಗಾದರೆ ನಾವು ಅದನ್ನು ಅಳೆಯುವುದು ಯಾವುದರಿಂದ?

ಮೊದಲ ಅಳತೆ, ಬೇರೆಯವರು ಏನು ಮಾಡುತ್ತಾರೆಂಬುದು. ನಾನು ನೋಟನ್ನು ತೆಗೆದುಕೊಳ್ಳುವುದು ಮುಂದಿನ ಅಂಗಡಿಯವನು ಅದನ್ನು ತೆಗೆದುಕೊಳ್ಳುತ್ತಾನೆಂಬ ಭರವಸೆಯಿಂದ. ಅವನ ಭರವಸೆಯೂ ಹಾಗೆಯೇ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಹತ್ತು ರೂಪಾಯಿಯ ನಾಣ್ಯ ಒಳ್ಳೆಯ ಉದಾಹರಣೆ. 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತು. 2011ರಿಂದ ನಾಣ್ಯಗಳ ಮೇಲೆ ಅದು ಕಾಣಿಸಿಕೊಂಡಿತು. ಚಿಹ್ನೆ ಇಲ್ಲದ ಹಳೆಯ ನಾಣ್ಯ ಖೋಟಾ ಎಂಬ ಗಾಳಿಮಾತು ಹಬ್ಬಿತು. ಉತ್ತರ ಕರ್ನಾಟಕದ ಅನೇಕ ಸಂತೆಗಳಲ್ಲಿ, ಅಂಗಡಿಗಳಲ್ಲಿ ಹತ್ತರ ನಾಣ್ಯವನ್ನು ಕೈಯಲ್ಲಿ ಹಿಡಿದವರು ಪೇಚಿಗೆ ಸಿಕ್ಕರು. ಎರಡೂ ಬಗೆಯ ನಾಣ್ಯಗಳು ಸಿಂಧುವೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಪ್ರಕಟಣೆ ಹೊರಡಿಸಿತು. 2018ರ ಜನವರಿಯಲ್ಲಿ ಮತ್ತೊಮ್ಮೆ, ಬೇರೆ ಬೇರೆ ವಿನ್ಯಾಸದ 14 ಬಗೆಯ ನಾಣ್ಯಗಳೂ ಅಧಿಕೃತವೆಂದು ಸ್ಪಷ್ಟಪಡಿಸಿತು. ಆದರೂ ಕೆಲವು ಕಡೆ ಅಂಗಡಿಯವರು "ನಮ್ಮಲ್ಲಿ ನಡೆಯುವುದಿಲ್ಲ" ಎಂದೇ ಹೇಳುತ್ತಿದ್ದರು. ಅವರಲ್ಲಿ ಹಲವರಿಗೆ ನಾಣ್ಯ ಖೋಟಾ ಅಲ್ಲವೆಂದು ಗೊತ್ತಿತ್ತು. ಗಿರಾಕಿ ವಾಪಸು ತೆಗೆದುಕೊಳ್ಳುವುದಿಲ್ಲ ಎಂಬುದಷ್ಟೇ ಅವರ ಭಯ. ಕಾಯಿದೆಯ ಮಾತಿಗಿಂತ ನೆರೆಯವನ ಮಾತು ಬಲವಾಗುವುದು ಹೀಗೆ.

ಎರಡನೆಯ ಅಳತೆ ನಮ್ಮ ಸ್ವಂತ ಅನುಭವ, ಅಂದರೆ ಬೆಲೆಗಳು. ಬಂಕಾಪುರದ ಕೋಟೆಯ ಕಂದಕದಲ್ಲಿ, ಪೊದೆಗಳಲ್ಲಿ ನವಿಲುಗಳಿವೆಯಲ್ಲ. ಯಾರೂ ಕಲ್ಲೆಸೆಯದ ಜಾಗದಲ್ಲಿ ಅವು ನಿಶ್ಚಿಂತೆಯಾಗಿ ಮೇಯುತ್ತವೆ. ಅವುಗಳಿಗೆ ಯಾರೂ ಭಾಷಣ ಮಾಡಿ ಅಭಯ ಕೊಟ್ಟಿಲ್ಲ. ದಿನದಿನದ ಅನುಭವವೇ ಅಭಯ. ಹಣದ ವಿಷಯದಲ್ಲಿ ನಮ್ಮ ಅನುಭವವೂ ಇಂಥದೇ. ನಮಗೆ ಕೇಂದ್ರ ಬ್ಯಾಂಕಿನ ವರದಿ ಗೊತ್ತಿರುವುದಿಲ್ಲ; ಈರುಳ್ಳಿಯ ಬೆಲೆ ಗೊತ್ತಿರುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳು ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯದ ಬಗ್ಗೆ ಓದಿರುತ್ತೀರಿ. ರೂಪಾಯಿಗೂ ಒಂದು ಅರ್ಧಾಯುಷ್ಯವಿದೆ ಎಂದು ತಿಳಿಯಿರಿ. ಬೆಲೆಗಳು ವರ್ಷಕ್ಕೆ ಶೇಕಡಾ 4ರಂತೆ ಏರಿದರೆ, ಪೆಟ್ಟಿಗೆಯಲ್ಲಿಟ್ಟ ಸಾವಿರ ರೂಪಾಯಿಯ ಕೊಳ್ಳುವ ಶಕ್ತಿ ಸುಮಾರು 18 ವರ್ಷಗಳಲ್ಲಿ ಅರ್ಧವಾಗುತ್ತದೆ. ಶೇಕಡಾ 8 ಆದರೆ 9 ವರ್ಷ ಸಾಕು. ಶೇಕಡಾ 12 ಆದರೆ 6 ವರ್ಷ. ಮಗಳು ಹುಟ್ಟಿದಾಗ ಅವಳ ಓದಿಗೆಂದು ಕೂಡಿಡಲು ತೊಡಗಿದ ತಾಯಿಗೆ ಈ ಮೂರು ಅಂಕಿಗಳ ನಡುವಿನ ವ್ಯತ್ಯಾಸವೆಂದರೆ ಮಗಳು ಕಾಲೇಜಿಗೆ ಹೋಗುವುದು ಅಥವಾ ಹೋಗದಿರುವುದು. ಕೇಂದ್ರ ಬ್ಯಾಂಕಿನ ಮಾತು ಉಳಿಯುವುದು ಅಥವಾ ಅಳಿಯುವುದು ಇಲ್ಲಿಯೇ.

ರಿಸರ್ವ್ ಬ್ಯಾಂಕ್ 2005ರಿಂದ ನಗರಗಳ ಕುಟುಂಬಗಳನ್ನು ಕೇಳಿ ಒಂದು ಸಮೀಕ್ಷೆ ನಡೆಸುತ್ತ ಬಂದಿದೆ. ಬೆಂಗಳೂರೂ ಅದರಲ್ಲಿ ಸೇರಿದೆ. ಬೆಲೆಗಳು ಈಗ ಎಷ್ಟು ಏರುತ್ತಿವೆ, ಮುಂದೆ ಎಷ್ಟು ಏರಬಹುದು ಎಂದು ಜನರನ್ನು ಕೇಳುತ್ತಾರೆ. ಜನ ಹೇಳುವ ಅಂಕಿ ಸಾಮಾನ್ಯವಾಗಿ ಸರ್ಕಾರಿ ಸೂಚ್ಯಂಕದ ಅಂಕಿಗಿಂತ ಹೆಚ್ಚಿರುತ್ತದೆ. ಇದು ಜನರ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ನಾವು ದಿನವೂ ಕೊಳ್ಳುವ ತರಕಾರಿ, ಬೇಳೆ, ಎಣ್ಣೆಯ ಬೆಲೆ ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಏರಿದ್ದು ಉಳಿಯುವಷ್ಟು ಇಳಿದದ್ದು ಉಳಿಯುವುದಿಲ್ಲ. ಅಲ್ಲದೆ ಬಡ ಕುಟುಂಬದ ಖರ್ಚಿನಲ್ಲಿ ಊಟದ ಪಾಲೇ ದೊಡ್ಡದು. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳಿಗೆ ಶೇಕಡಾ 45.86ರಷ್ಟು ತೂಕವಿತ್ತು. ನಿಮ್ಮ ಮನೆಯ ಖರ್ಚಿನಲ್ಲಿ ಅದು ಶೇಕಡಾ 60 ಇದ್ದರೆ, ಆಹಾರದ ಬೆಲೆ ಏರಿದಾಗ ನಿಮ್ಮ ಮನೆಯ ಹಣದುಬ್ಬರ ದೇಶದ ಹಣದುಬ್ಬರಕ್ಕಿಂತ ನಿಜವಾಗಿಯೂ ಹೆಚ್ಚು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜನರ ಅಂದಾಜು ಬರೀ ಅಂದಾಜಾಗಿ ಉಳಿಯುವುದಿಲ್ಲ. ಮುಂದಿನ ವರ್ಷ ಎಲ್ಲವೂ ಶೇಕಡಾ 10ರಷ್ಟು ತುಟ್ಟಿಯಾಗುತ್ತದೆಂದು ಎಲ್ಲರೂ ನಂಬಿದರು ಎಂದುಕೊಳ್ಳಿ. ಲಾರಿಯವನು ಬಾಡಿಗೆಯನ್ನು ಈಗಲೇ ಏರಿಸುತ್ತಾನೆ. ಕೆಲಸಗಾರ ಹೆಚ್ಚು ಕೂಲಿ ಕೇಳುತ್ತಾನೆ. ಅಂಗಡಿಯವನು ದಾಸ್ತಾನು ಕೂಡಿಹಾಕುತ್ತಾನೆ. ಇದೆಲ್ಲ ಸೇರಿ ಬೆಲೆ ಏರಿಯೇ ಬಿಡುತ್ತದೆ. ಬದಲಾಗಿ, ಬೆಲೆ ಏರಿದರೂ ಕೇಂದ್ರ ಬ್ಯಾಂಕ್ ಅದನ್ನು ಹಿಡಿತಕ್ಕೆ ತರುತ್ತದೆ ಎಂಬ ವಿಶ್ವಾಸವಿದ್ದರೆ ಈ ಧಾವಂತ ಇರುವುದಿಲ್ಲ. ಬ್ಯಾಂಕಿನ ಕೆಲಸವೂ ಹಗುರವಾಗುತ್ತದೆ. ಆದುದರಿಂದ ನಂಬಿಕೆ ಕೇಂದ್ರ ಬ್ಯಾಂಕಿಗೆ ಸಿಗುವ ಬಹುಮಾನವಷ್ಟೇ ಅಲ್ಲ, ಅದರ ಉಪಕರಣವೂ ಹೌದು.

ನಂಬಿಕೆ ಪೂರ್ತಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಜರ್ಮನಿ 1923ರಲ್ಲಿ ಕಂಡಿತು. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಗಿತ್ತು. ಕೂಡಿಟ್ಟವರ ಜೀವಮಾನದ ಉಳಿತಾಯ ಒಂದು ಹೊತ್ತಿನ ರೊಟ್ಟಿಗೂ ಸಾಲದಾಯಿತು. ಅದೇ ತಿಂಗಳು ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂತು. ಅದಕ್ಕೆ ದೇಶದ ಭೂಮಿಯೇ ಆಧಾರವೆಂದು ಹೇಳಲಾಗಿತ್ತು. ನೋಟು ಕೊಟ್ಟು ಯಾರೂ ಹೊಲವನ್ನು ಪಡೆಯುವಂತಿರಲಿಲ್ಲ. ಆದರೂ ಆ ಹಣ ನಿಂತಿತು. ಏಕೆಂದರೆ ಇಷ್ಟಕ್ಕಿಂತ ಹೆಚ್ಚು ಅಚ್ಚು ಮಾಡುವುದಿಲ್ಲವೆಂದು ಮಿತಿ ಹಾಕಿದರು, ಆ ಮಿತಿಯನ್ನು ಪಾಲಿಸಿದರು. ಜನರು ನೋಡಿದ್ದು ಭೂಮಿಯನ್ನಲ್ಲ, ಪಾಲಿಸಿದ ಮಿತಿಯನ್ನು.

ಮೂರನೆಯ ಅಳತೆ, ಕಷ್ಟಕಾಲದ ನಡವಳಿಕೆ. 1991ರಲ್ಲಿ ನಮ್ಮ ದೇಶದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದಿತ್ತು. ಆ ವರ್ಷದ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಸಾಲ ತಂದಿತು. ಮನೆಯ ಬಂಗಾರವನ್ನು ಅಡವಿಡುವುದು ನಮ್ಮ ಜನರಿಗೆ ಅವಮಾನದ ಸಂಗತಿ; ದೇಶಕ್ಕೂ ಹಾಗೆಯೇ ಅನಿಸಿತು. ಆದರೆ ಹೊರದೇಶಗಳಿಗೆ ಕೊಟ್ಟ ಮಾತು ಮಾತ್ರ ತಪ್ಪಲಿಲ್ಲ. 2009ರಲ್ಲಿ ಇದೇ ಬ್ಯಾಂಕ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನವನ್ನು ಕೊಂಡಿತು.

2016ರ ನವೆಂಬರ್ 8ರ ರಾತ್ರಿ ಇನ್ನೊಂದು ಬಗೆಯ ಪರೀಕ್ಷೆ ಬಂತು. ಐನೂರು ಮತ್ತು ಸಾವಿರದ ನೋಟುಗಳ ಮಾನ್ಯತೆಯನ್ನು ಸರ್ಕಾರ ರದ್ದುಪಡಿಸಿತು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಅವುಗಳ ಪಾಲು ಶೇಕಡಾ 86. ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತರು. ಕೊನೆಗೆ ಶೇಕಡಾ 99.3ರಷ್ಟು ನೋಟುಗಳು ಬ್ಯಾಂಕಿಗೆ ಮರಳಿದವೆಂದು ರಿಸರ್ವ್ ಬ್ಯಾಂಕಿನ ವರದಿಯೇ ಹೇಳಿತು. ಅಂದರೆ ಬಹುಪಾಲು ಜನರ ಹಣ ಅವರ ಖಾತೆಗೆ ಸೇರಿತು. ವಚನ ಆ ಅರ್ಥದಲ್ಲಿ ಉಳಿಯಿತು. ಆದರೆ ಕೈಯಲ್ಲಿನ ನೋಟು ಒಂದು ರಾತ್ರಿಯಲ್ಲಿ ನಡೆಯದಂತಾಗಬಹುದು ಎಂಬ ಅನುಭವವೂ ಜನರ ನೆನಪಿನಲ್ಲಿ ಉಳಿಯಿತು. ಈ ಕ್ರಮವನ್ನು ಸುಪ್ರೀಂ ಕೋರ್ಟು 2023ರ ಜನವರಿ 2ರಂದು ನಾಲ್ಕು ಮತ್ತು ಒಂದರ ಬಹುಮತದಿಂದ ಎತ್ತಿಹಿಡಿಯಿತು. ಭಿನ್ನಮತದ ತೀರ್ಪನ್ನು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು. ರಿಸರ್ವ್ ಬ್ಯಾಂಕ್ ಈ ವಿಷಯದಲ್ಲಿ ಸ್ವತಂತ್ರವಾಗಿ ವಿವೇಚನೆ ಮಾಡಲಿಲ್ಲ ಎಂಬುದು ಅವರು ಎತ್ತಿದ ಮುಖ್ಯ ಆಕ್ಷೇಪಗಳಲ್ಲಿ ಒಂದು.

ಇದು ನಾಲ್ಕನೆಯ ಅಳತೆಗೆ ನಮ್ಮನ್ನು ತರುತ್ತದೆ: ಬ್ಯಾಂಕಿನ ಸ್ವಾತಂತ್ರ್ಯ. ಖರ್ಚು ಮಾಡುವವನ ಕೈಯಲ್ಲೇ ಹಣ ಅಚ್ಚು ಮಾಡುವ ಯಂತ್ರವೂ ಇದ್ದರೆ ಮಿತಿಯನ್ನು ಕಾಯುವವರು ಯಾರು? ಈ ಪ್ರಶ್ನೆಯೂ ಹಳೆಯದೇ. ಮಂಗಳೂರಿನ ಬೆನೆಗಲ್ ಮನೆತನದ ಬೆನೆಗಲ್ ರಾಮರಾವ್ ಅವರು 1949ರಿಂದ 1957ರವರೆಗೆ ಗವರ್ನರ್ ಆಗಿದ್ದರು. ಆ ಹುದ್ದೆಯಲ್ಲಿ ಅತ್ಯಂತ ದೀರ್ಘಕಾಲ ಇದ್ದವರು ಅವರೇ. ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಸರ್ಕಾರ ಏರಿಸಿದಾಗ, ಇದು ಬಡ್ಡಿದರದ ವಿಷಯದಲ್ಲಿ ಬ್ಯಾಂಕಿನ ಕೆಲಸಕ್ಕೆ ಕೈಹಾಕಿದಂತೆ ಎಂದು ಅವರು ಭಾವಿಸಿದರು. ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿಯವರೊಂದಿಗೆ ಭಿನ್ನಾಭಿಪ್ರಾಯ ಬೆಳೆಯಿತು. ಪ್ರಧಾನಿ ನೆಹರೂ ಅವರು ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು. ಚುನಾಯಿತ ಸರ್ಕಾರದ ಮಾತೇ ಕೊನೆಯದಾಗಬೇಕೆಂಬ ವಾದದಲ್ಲೂ ಬಲವಿದೆ. ಹಾಗಾದರೆ ಸ್ವಾತಂತ್ರ್ಯ ಮತ್ತು ಹೊಣೆಗಾರಿಕೆ ಎರಡನ್ನೂ ಹೊಂದಿಸುವುದು ಹೇಗೆ?

ಕಲ್ಲಿನ ಶಾಸನದ ಮೂರು ಸಂಗತಿಗಳನ್ನು ಈಗ ನೆನಪಿಸಿಕೊಳ್ಳಿ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಗೆ ತಿದ್ದುಪಡಿಯಾಗಿ ಹಣದುಬ್ಬರಕ್ಕೆ ಗುರಿ ನಿಗದಿಯಾಯಿತು: ಶೇಕಡಾ 4, ಅದಕ್ಕಿಂತ 2 ಹೆಚ್ಚು ಅಥವಾ 2 ಕಡಿಮೆಯಾಗುವವರೆಗೆ ಅವಕಾಶ. 2021ರಲ್ಲಿ ಐದು ವರ್ಷಗಳಿಗೆ ಇದೇ ಗುರಿಯನ್ನು ಮುಂದುವರಿಸಲಾಯಿತು. ಇದು ಸ್ಪಷ್ಟ ನಿಯಮ. ಬಡ್ಡಿದರವನ್ನು ಆರು ಜನರ ಸಮಿತಿ ಮತ ಹಾಕಿ ನಿರ್ಧರಿಸುತ್ತದೆ. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಯಾರು ಯಾವ ಕಡೆ ಮತ ಹಾಕಿದರೆಂಬುದು ಪ್ರಕಟವಾಗುತ್ತದೆ. ಇದು ಎಲ್ಲರ ಕಣ್ಣೆದುರು ನಡೆಯುವ ಕೆಲಸ. ಸತತ ಮೂರು ತ್ರೈಮಾಸಿಕಗಳಲ್ಲಿ ಗುರಿ ತಪ್ಪಿದರೆ ಕಾರಣವನ್ನೂ ಪರಿಹಾರವನ್ನೂ ಬರೆದು ಸರ್ಕಾರಕ್ಕೆ ಒಪ್ಪಿಸಬೇಕು. ಶಾಪದ ಜಾಗದಲ್ಲಿ ಈಗ ಸಮಜಾಯಿಷಿ ಬಂದಿದೆ. 2022ರಲ್ಲಿ ಹೀಗೆ ಗುರಿ ತಪ್ಪಿತು, ಪತ್ರವನ್ನೂ ಬರೆಯಲಾಯಿತು. ಆದರೆ ಆ ಪತ್ರವನ್ನು ಆಗ ಸಾರ್ವಜನಿಕರ ಮುಂದೆ ಇಡಲಿಲ್ಲ. ಕಲ್ಲಿನ ಮೇಲೆ ಬರೆಸುತ್ತಿದ್ದವರು ಇದನ್ನು ಒಪ್ಪುತ್ತಿದ್ದರೇ ಎಂದು ನೀವೇ ಯೋಚಿಸಿ.

ಕೇಂದ್ರ ಬ್ಯಾಂಕನ್ನು ನಂಬುವುದೆಂದರೆ ಎಲ್ಲ ಬ್ಯಾಂಕುಗಳನ್ನೂ ಕಣ್ಣುಮುಚ್ಚಿ ನಂಬುವುದಲ್ಲ ಎಂಬುದನ್ನೂ ತಿಳಿದಿರಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ಠೇವಣಿದಾರರು 35 ಸಾವಿರ ರೂಪಾಯಿಗಿಂತ ಹೆಚ್ಚು ಹಿಂತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಕಂಗಾಲಾದರು. ಮೇಲ್ವಿಚಾರಣೆ ಮಾಡಬೇಕಾದವರು ಮೊದಲೇ ಏಕೆ ನೋಡಲಿಲ್ಲ ಎಂದು ಜನ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದೇ ವರ್ಷ ಫೆಬ್ರವರಿಯಲ್ಲಿ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. 2021ರಲ್ಲಿ, ನಿರ್ಬಂಧಕ್ಕೆ ಒಳಗಾದ ಬ್ಯಾಂಕಿನ ಠೇವಣಿದಾರರಿಗೆ ಆ ಮಿತಿಯವರೆಗಿನ ಹಣವನ್ನು 90 ದಿನಗಳೊಳಗೆ ಕೊಡಲು ಕಾಯಿದೆಯಾಯಿತು. ಜನರು ಕೇಳಿದ ಪ್ರಶ್ನೆಗಳಿಂದ ಸಂಸ್ಥೆಗಳು ತಿದ್ದಿಕೊಳ್ಳುತ್ತವೆ ಎಂಬುದಕ್ಕೆ ಇದು ನಿದರ್ಶನ.

ದೂರದರ್ಶನದಲ್ಲಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ನನಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಏಳು ಗಂಟೆಯ ವಾರ್ತೆ ಏಳಕ್ಕೇ ಬಂದರೆ ಯಾರೂ ಹೊಗಳುವುದಿಲ್ಲ. ಹೀಗೆ ಯಾರೂ ಗಮನಿಸದಿರುವುದೇ ನಂಬಿಕೆಯ ಲಕ್ಷಣ. ಒಳ್ಳೆಯ ಕೇಂದ್ರ ಬ್ಯಾಂಕಿನ ಹೆಸರು ಮನೆಮನೆಯಲ್ಲಿ ಮಾತಿಗೆ ಬರುವುದಿಲ್ಲ. ಜನ ಅದನ್ನು ಮರೆತು ತಮ್ಮ ಕೆಲಸದಲ್ಲಿ ತೊಡಗಿರುತ್ತಾರೆ. ಆದರೆ ಎಲ್ಲರೂ ಮರೆಯಬಾರದು. ಯಾರಾದರೂ ಒರೆಗಲ್ಲನ್ನು ಕೈಯಲ್ಲಿ ಹಿಡಿದಿರಬೇಕು.

ನೀವೇ ಆ ಕೆಲಸವನ್ನು ಮಾಡಬಹುದು. ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಜೋಳ, ತೊಗರಿಬೇಳೆ, ಅಡುಗೆ ಎಣ್ಣೆ, ಈರುಳ್ಳಿ ಮತ್ತು ನಿಮ್ಮ ಊರಿನಿಂದ ಹಾವೇರಿಗೆ ಬಸ್ ದರ, ಈ ಐದರ ಬೆಲೆಯನ್ನು ಪ್ರತಿ ತಿಂಗಳು ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹನ್ನೆರಡು ತಿಂಗಳಾದ ಮೇಲೆ, ಲೆಕ್ಕ ಮಾಡುವ ಮೊದಲು, ಮನೆಯ ಹಿರಿಯರನ್ನು "ಬೆಲೆ ಶೇಕಡಾ ಎಷ್ಟು ಏರಿರಬಹುದು?" ಎಂದು ಕೇಳಿ. ಅವರ ಅಂದಾಜು, ನಿಮ್ಮ ಲೆಕ್ಕ, ಪತ್ರಿಕೆಯಲ್ಲಿ ಬಂದ ಸರ್ಕಾರಿ ಅಂಕಿ, ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಮೂರೂ ಒಂದೇ ಆಗಿರುವುದಿಲ್ಲ. ಏಕೆ ಬೇರೆಯಾದವೆಂದು ನಿಮ್ಮ ಅಧ್ಯಾಪಕರೊಂದಿಗೆ ಚರ್ಚಿಸಿ. ಯಾವ ಅಂಕಿಯನ್ನೂ ಮೊದಲೇ ಸುಳ್ಳೆನ್ನಬೇಡಿ, ಮೊದಲೇ ನಿಜವೆನ್ನಲೂ ಬೇಡಿ.

ನೋಟಿನ ಮೇಲಿನ ವಚನ ಒಬ್ಬ ಅಧಿಕಾರಿಯ ಸಹಿಯಿಂದ ಮಾತ್ರ ನಿಲ್ಲುವುದಿಲ್ಲ. ನಕಲಾಗದ ಕಾಗದ, ಮಿತಿ ಮೀರದ ಕೈ, ಬಹಿರಂಗವಾದ ನಿಯಮ, ಪ್ರಶ್ನೆ ಕೇಳುವ ಜನ, ಇವಿಷ್ಟೂ ಸೇರಿದಾಗ ಅದು ನಿಲ್ಲುತ್ತದೆ. ಇವುಗಳಲ್ಲಿ ಕೊನೆಯದು ನಿಮ್ಮ ಪಾಲಿನದು.